ಮಗ್ಗದ ಮನೆಯ ಎರಡು ಕೂಸುಗಳು

ನಾರಾಯಣಪೇಟೆ ಬಜಾರದಲ್ಲಿ ನಾನು ಭಾರಿ ಸೊಕ್ಕಿನ ಹೆಂಗಸು ಎಂದು ಹೆಸರಾಗಿದ್ದೆ. ಎದುರಿಗೆ ಬಂದವರನ್ನು ಮಾತಾಡಿಸುವುದಿಲ್ಲ, ನಕ್ಕರೆ ನಗುವುದಿಲ್ಲ, ತರಕಾರಿ ಕೊಂಡು ತಲೆ ಬಗ್ಗಿಸಿ ಹೋಗಿಬಿಡುತ್ತಾಳೆ ಎಂದು ಸ್ವಂತ ನಾದಿನಿಯೇ ನಾಲ್ಕು ಜನರ ಮುಂದೆ ಆಡಿಕೊಂಡಿದ್ದಳು. ಸರಕಾರಿ ಆಸ್ಪತ್ರೆಯ ಎಚ್‌ಐವಿ ಪರೀಕ್ಷೆಯ ಕೋಣೆಯಲ್ಲಿ ಕೂತು ಬಂದವರಿಗೆ ತಿಳಿಹೇಳುವುದು ನನ್ನ ಕೆಲಸ. ನಾನು ಬಜಾರದಲ್ಲಿ ಒಬ್ಬ ಹೆಣ್ಣುಮಗಳನ್ನು ನಿಲ್ಲಿಸಿ "ಹೆಂಗದೀಯವ್ವ?" ಎಂದರೆ ಸಾಕು, ಬಳೆ ಅಂಗಡಿಯವನು "ಈಕಿಗೂ ಆಯಮ್ಮಗೂ ಎಲ್ಲಿಂದ ಗುರ್ತು?" ಎಂದು ಲೆಕ್ಕ ಹಾಕಲು ಶುರುಮಾಡುತ್ತಾನೆ. ಸಂಜೆಯೊಳಗೆ ಆ ಲೆಕ್ಕ ಅವಳ ಅತ್ತೆಯ ಕಿವಿಗೆ ಬಿದ್ದಿರುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಮೊದಲು ಕಲಿಯಬೇಕಾದ ಪಾಠ ಇದು. ಅವರಾಗಿ ಮಾತಾಡಿಸಿದರೆ ಮಾತಾಡಿ, ಇಲ್ಲದಿದ್ದರೆ ಬದನೆಕಾಯಿ ನೋಡುತ್ತ ನಿಂತುಬಿಡಿ.

ನಾನು ಹುಟ್ಟಿದ್ದು ರಾಯಚೂರು ಸೀಮೆಯಲ್ಲಿ, ಕೊಟ್ಟ ಮನೆ ಮಕ್ತಲ್. ಮೊದಲು ಹಳ್ಳಿ ತಿರುಗುವ ನರ್ಸಮ್ಮನಾಗಿದ್ದೆ, ಆಮೇಲೆ ಈ ಕೋಣೆಗೆ ಬಂದೆ. ಬಡ್ತಿ ಎಷ್ಟು ಸಿಕ್ಕಿತು, ಎಷ್ಟು ತಪ್ಪಿತು ಎಂಬ ಕಥೆ ಕೇಳಿ ಕೇಳಿ ನನ್ನ ಗಂಡನಿಗೇ ಬೇಸರ ಬಂದಿದೆ, ನಿಮಗೆ ಬೇಡ. ಕೆಲಸ ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತೇನೆ.

ನಾನು ಸೇರಿದ ಕಾಲಕ್ಕೆ ನಮ್ಮ ಪದ್ಧತಿಯೆಂದರೆ ಹೆದರಿಸುವುದು. ಗೋಡೆಯ ಮೇಲೆ ತಲೆಬುರುಡೆ, ಅದಕ್ಕೆ ಸುತ್ತಿಕೊಂಡ ಹಾವು, ಕೆಳಗೆ ಸಾವಿನ ಮಾತು. ಹೆದರಿದ ಮನುಷ್ಯ ಎಚ್ಚರವಾಗುತ್ತಾನೆ ಎಂದು ಮೇಲಿನವರು ನಂಬಿದ್ದರು. ಹೆದರಿದ ಮನುಷ್ಯ ಆಸ್ಪತ್ರೆಯ ದಾರಿಯನ್ನೇ ಬಿಟ್ಟುಬಿಟ್ಟ. ದಾಮರಗಿದ್ದ ಮಂಡಲದ ಹಳ್ಳಿಗಳಿಂದ ಪುಣೆ, ಮುಂಬೈಗೆ ದುಡಿಯಲು ಹೋಗಿ ಬರುವವರು ನಮ್ಮ ಕೋಣೆಯ ಬಾಗಿಲ ತನಕ ಬಂದು ಆ ಬುರುಡೆಯನ್ನು ನೋಡಿ ತಿರುಗಿ ಹೋಗುವುದನ್ನು ನಾನೇ ಕಿಟಕಿಯಿಂದ ನೋಡುತ್ತಿದ್ದೆ. ಒಂದು ದಿನ ಸ್ಟೂಲು ಹತ್ತಿ ಅದನ್ನು ಕಿತ್ತು ಹಾಕಿದೆ. ಯಾಕೆ ಕಿತ್ತೆ ಎಂದು ಕೇಳಿದವರಿಗೆ ಗೆದ್ದಲು ಹತ್ತಿತ್ತು ಎಂದೆ.

ಬುರುಡೆಯ ಜಾಗಕ್ಕೆ ಏನು ಇಡಬೇಕು ಎಂಬುದನ್ನು ಕಲಿಸಿದವರು ನೇಕಾರರು. ಅವರ ಓಣಿಯಲ್ಲಿ ಒಂದು ಸಭೆ ಮಾಡಿದ್ದೆವು. ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದನ್ನೆಲ್ಲ ಹೇಳಿ ಮುಗಿಸಿ ನಾನು ಬೆವರು ಒರೆಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಒಬ್ಬ ಮುದುಕ ಎದ್ದ. ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದಾಗ ಅದರ ತೂತಿಗೆ ಬಾಯಿಟ್ಟು ಹೀರಿ ಎಳೆಯನ್ನು ಹೊರಗೆ ತೆಗೆಯುವುದು ಅವರ ರೂಢಿ.

"ಅಕ್ಕೋರ, ನಾ ಬಾಯಿ ಇಟ್ಟ ಲಾಳಿಗೆ ನನ್ನ ತಮ್ಮ ಬಾಯಿ ಇಡ್ತಾನ. ಅವ ಇಟ್ಟದ್ದಕ್ಕ ನಾ ಇಡ್ತೀನಿ. ಅವ ಮೂರು ವರ್ಷ ಸೋಲಾಪುರದಾಗ ಇದ್ದು ಬಂದಾನ. ಈ ರೋಗ ಲಾಳಿಯಿಂದ ಬರ್ತೈತೇನ್ರಿ?"

ಇಡೀ ಸಭೆ ನೆಟ್ಟಗೆ ಕೂತಿತು. ಅಲ್ಲಿಯವರೆಗೆ ನಾನು ಹೇಳಿದ್ದು ಯಾವುದೋ ಊರಿನ ಮಾತು, ಇದು ಅವರ ಮನೆಯ ಮಾತು. ನಾನು ಹೇಳಿದೆ. "ಬರೂದಿಲ್ಲ. ಉಗುಳಿನಾಗ ಬರೂದಿಲ್ಲ. ಒಂದ ತಾಟಿನಾಗ ಉಂಡ್ರ ಬರೂದಿಲ್ಲ, ಒಂದ ಕುಣ್ಯಾಗ ಕಾಲು ಇಳಿಬಿಟ್ಟು ಮಗ್ಗಕ್ಕ ಕುಂತ್ರ ಬರೂದಿಲ್ಲ, ಸೊಳ್ಳಿ ಕಡದ್ರ ಬರೂದಿಲ್ಲ. ರೋಗ ಇದ್ದವರ ಕೂಡ ಕಾಂಡೋಮ್ ಇಲ್ಲದ ಮಲಗಿದ್ರ ಬರ್ತೈತಿ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದ್ರ ಬರ್ತೈತಿ. ತಪಾಸ ಮಾಡಲಾರದ ರಕ್ತ ಏರಿಸಿದ್ರ ಬರ್ತೈತಿ. ತಾಯಿಯಿಂದ ಕೂಸಿಗೆ ಬರ್ತೈತಿ, ಹೊಟ್ಟ್ಯಾಗ ಇದ್ದಾಗ, ಹಡಿಯೂವಾಗ, ಎದಿಹಾಲಿನಾಗ. ಮುಗೀತು, ಬ್ಯಾರೆ ದಾರಿ ಇಲ್ಲ ಅದಕ್ಕ."

ಕಾಂಡೋಮ್ ಎಂದದ್ದಕ್ಕೆ ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುದುಕ ಅತ್ತ ತಿರುಗಿ, "ನಗೂದೇನೈತಿ? ನೀನೂ ಸೋಲಾಪುರಕ್ಕ ಹೋಗಿ ಬಂದಾವನ ಅಲ್ಲೇನು?" ಎಂದ. ಅವತ್ತಿನಿಂದ ನನ್ನ ಚೀಲದಲ್ಲಿ ಒಂದು ಲಾಳಿ ಇರುತ್ತಿತ್ತು. ನೇಕಾರರಿಗೆ ಲಾಳಿ ತೋರಿಸಿ ಮಾತು ಶುರುಮಾಡುತ್ತಿದ್ದೆ. ಐಜ ಕಡೆಯ ಹತ್ತಿ ಬಿಡಿಸುವ ಹೆಂಗಸರಿಗೆ ಬೇರೆ, ಲಾರಿಯವರಿಗೆ ಬೇರೆ. ನೀವೂ ಹೋದಕಡೆಯೆಲ್ಲ ಒಂದೇ ಭಾಷಣ ಮಾಡಬೇಡಿ. ಮೊದಲು ಅವರ ಕೈಯಲ್ಲಿ ಏನಿದೆ ನೋಡಿ.

ಮೇಲಿನವರಲ್ಲಿ ಎಲ್ಲ ತರಹದವರನ್ನೂ ಕಂಡೆ. ಒಬ್ಬ ಡಾಕ್ಟರನ್ನು ಮಾತ್ರ ಮರೆಯಲಾರೆ. ಹೆರಿಗೆ ವಾರ್ಡಿನ ಹಿರಿಯ ನರ್ಸಮ್ಮ ಎಚ್‌ಐವಿ ಇದ್ದವರ ಮಂಚದ ಕಾಲಿಗೆ ಒಂದು ಕೆಂಪು ಪಟ್ಟಿ ಕಟ್ಟುತ್ತಿದ್ದಳು, ಸಿಬ್ಬಂದಿ ಹುಷಾರಾಗಿರಲಿ ಎಂದು. ಹುಷಾರಾದದ್ದು ನೋಡಲು ಬರುವ ನೆಂಟರು. ಪಟ್ಟಿ ಕಂಡೊಡನೆ ತಂದ ಬುತ್ತಿಯನ್ನು ದೂರದಿಂದಲೇ ಇಟ್ಟು ಹೋಗುತ್ತಿದ್ದರು. ನಾನು ಹೋಗಿ ಜಗಳ ತೆಗೆದೆ, ನರ್ಸಮ್ಮ ಅಳಲು ಶುರುಮಾಡಿದಳು. ಡಾಕ್ಟರು ಇಬ್ಬರ ಮಾತನ್ನೂ ಕೇಳಿ, ಮರುದಿನ ಬೆಳಿಗ್ಗೆ ವಾರ್ಡಿನ ಎಲ್ಲ ಮಂಚಗಳ ಎಲ್ಲ ಕಾಲುಗಳಿಗೂ ಕೆಂಪು ಪಟ್ಟಿ ಕಟ್ಟಿಸಿದರು. ತಮ್ಮ ಕುರ್ಚಿಗೂ ಒಂದು ಕಟ್ಟಿಸಿಕೊಂಡರು. "ರಕ್ತ ಮುಟ್ಟೋವಾಗ ಎಲ್ಲರಿಗೂ ಗ್ಲೌಸು. ನಾನು ಮಲಗಿದ್ರೂ ಗ್ಲೌಸು. ಯಾರಿಗೈತಿ, ಯಾರಿಗಿಲ್ಲ ಅಂತ ಮಂಚ ನೋಡಿ ತಿಳಿಯೋ ಹಂಗಿದ್ರ ನಾನ್ಯಾಕ ಬೇಕಿತ್ತು?" ಎಂದರು. ಸ್ವಲ್ಪ ದಿನಕ್ಕೆ ಪಟ್ಟಿಗಳು ತಾವಾಗಿಯೇ ಕಳಚಿ ಬಿದ್ದವು, ಮತ್ತೆ ಯಾರೂ ಕಟ್ಟಲಿಲ್ಲ.

ಪ್ರತ್ಯೇಕ ರಾಜ್ಯದ ಹೋರಾಟದಲ್ಲಿ ಬಸ್ಸುಗಳು ನಿಂತುಹೋದ ದಿನಗಳೂ ಇದ್ದವು. ಆಗ ನಮ್ಮವರಿಗೆ ಎಚ್‌ಐವಿಯ ಮಾತ್ರೆ ಸಿಗುತ್ತಿದ್ದದ್ದು ದೂರದ ಮಹಬೂಬನಗರದಲ್ಲಿ. ಈ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವ ಹಾಗಿಲ್ಲ. ತಪ್ಪಿಸುತ್ತ ಹೋದರೆ ವೈರಸ್ಸು ಮಾತ್ರೆಗೆ ಒಗ್ಗಿಬಿಡುತ್ತದೆ, ಆಮೇಲೆ ಅದೇ ಮಾತ್ರೆ ಕೆಲಸ ಮಾಡುವುದಿಲ್ಲ. ಕೃಷ್ಣಾ ಮಂಡಲದವರನ್ನು ಹೊಳೆ ದಾಟಿಸಿ ಗಡಿಯಾಚೆಯ ರಾಯಚೂರಿಗೆ ಕಳಿಸಿದೆ, ಅಲ್ಲಿ ನನ್ನಂಥವಳೇ ಒಬ್ಬಳು ಕೂತಿದ್ದಳು. ಉಳಿದವರಿಗೆ ಹಾಲಿನ ಗಾಡಿ, ಮದುವೆ ಜೀಪು, ಏನು ಸಿಕ್ಕಿತೋ ಅದರಲ್ಲಿ ತರಿಸಿ ಹಂಚಿದೆವು. ರಾಜ್ಯ ಬೇಕು ಎಂದು ರಸ್ತೆಯಲ್ಲಿ ಕೂತ ಹುಡುಗರಿಗೆ "ಔಷಧಿ ಗಾಡಿ" ಎಂದರೆ ದಾರಿ ಬಿಡುತ್ತಿದ್ದರು. ಯಾವ ಔಷಧಿ ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಇಷ್ಟೆಲ್ಲ ಹೇಳಿದ್ದು ಒಂದು ಮನೆಯ ಕಥೆ ಹೇಳಲಿಕ್ಕೆ. ಕವಿತಾ ಎಂದು ಕರೆಯುತ್ತೇನೆ. ಅವಳ ಹೆಸರು ಅದಲ್ಲ. ನಾರಾಯಣಪೇಟೆಯ ನೇಕಾರರ ಮನೆಯ ಸೊಸೆ, ತವರು ಗದ್ವಾಲ. ಮೊದಲ ಬಸುರಿನ ತಪಾಸಣೆಗೆ ಬಂದಾಗ ರಕ್ತದಲ್ಲಿ ಎಚ್‌ಐವಿ ಇರುವುದು ಗೊತ್ತಾಯಿತು. ನಾನು ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಕಡೆಗೆ ಕೇಳಿದ್ದು ಒಂದೇ ಮಾತು. "ನನ್ನ ಕೂಸಿಗೆ?"

ಹಿಂದಿನ ಕಾಲವಾಗಿದ್ದರೆ ನನ್ನ ಬಾಯಿ ಕಟ್ಟುತ್ತಿತ್ತು. ಆಗೆಲ್ಲ ಹೆರಿಗೆ ನೋವು ಬಂದಾಗ ತಾಯಿಗೊಂದು ಮಾತ್ರೆ, ಹುಟ್ಟಿದ ಕೂಸಿಗೆ ಒಂದಷ್ಟು ಔಷಧಿ, ಉಳಿದದ್ದು ದೇವರಿಗೆ. ಅಷ್ಟರಲ್ಲಿ ಪದ್ಧತಿ ಬದಲಾಗಿತ್ತು. ಬಸುರಿಯಾಗಿದ್ದಾಗಲೇ ದಿನಕ್ಕೊಂದು ಮಾತ್ರೆ ಶುರುಮಾಡಿ ಜೀವನಪೂರ್ತಿ ನುಂಗಬೇಕು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಕೂಸಿಗೆ ಆರು ವಾರ ಹನಿ ಔಷಧಿ ಹಾಕಬೇಕು. ಆರು ತಿಂಗಳು ತಾಯಿಯ ಹಾಲು ಬಿಟ್ಟು ಬೇರೇನೂ ಕೊಡಬಾರದು. ಸಕ್ಕರೆ ನೀರು, ಜೇನು, ಹರಳೆಣ್ಣೆ ಏನೂ ಇಲ್ಲ. ಅವೆಲ್ಲ ಎಳೆಗರುಳನ್ನು ಕೆಡಿಸಿ ವೈರಸ್ಸಿಗೆ ದಾರಿ ಮಾಡಿಕೊಡುತ್ತವೆ. ಇಷ್ಟನ್ನೂ ತಪ್ಪದೆ ಮಾಡಿದರೆ ಕೂಸಿಗೆ ತಗಲುವ ಸಾಧ್ಯತೆ ತೀರ ಕಡಿಮೆ ಎಂದು ಹೇಳಿದೆ. "ಹಂಗಾದ್ರ ಇವತ್ತಿಂದ ಕೊಡ್ರಿ," ಎಂದಳು.

ಗಂಡನನ್ನೂ ಕರೆಸಿದೆವು, ಅವನಿಗೂ ಇತ್ತು. ಮದುವೆಗೆ ಮುಂಚೆ ಪವರ್‌ಲೂಮಿನಲ್ಲಿ ದುಡಿಯಲು ಊರು ಬಿಟ್ಟು ಹೋಗಿದ್ದವನು. ಅವನು ಮೇಜಿನ ಮೇಲೆ ತಲೆಯಿಟ್ಟು ಅತ್ತ. ಕವಿತಾ, "ಅಳೂದು ಆಮ್ಯಾಗ ಅಳ್ರಿ, ಮದ್ಲ ಮಾತ್ರಿ ನುಂಗ್ರಿ," ಎಂದಳು. ಹೆಂಡತಿಯ ಪರೀಕ್ಷೆ ಮೊದಲು ಆದ ಕಾರಣಕ್ಕೆ ಅವಳೇ ರೋಗ ತಂದಳು ಎನ್ನುವ ಮನೆಗಳನ್ನು ಸಾಕಷ್ಟು ನೋಡಿದ್ದೆ. ಇವನು ಆ ಮಾತು ಆಡಲಿಲ್ಲ, ಅದೊಂದು ಸಮಾಧಾನ. ಮನೆಯಲ್ಲಿ ಯಾರಿಗೂ ಹೇಳಬಾರದು ಎಂದು ಇಬ್ಬರೂ ಗಟ್ಟಿ ಮಾಡಿಕೊಂಡರು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಏಳನೇ ತಿಂಗಳಿಗೆ ಅವಳು ಗದ್ವಾಲಕ್ಕೆ ಹೋದಳು. ಅಲ್ಲಿಯ ಆಸ್ಪತ್ರೆಯ ನನ್ನ ಜೊತೆಗಾರ್ತಿಗೆ ಮೊದಲೇ ತಿಳಿಸಿದ್ದೆ. ಹೊಸ ರಾಜ್ಯ ಬಂದ ವಾರ, ಬೀದಿಯಲ್ಲಿ ಹೋರಾಟದವರ ಗುಲಾಬಿ ಬಣ್ಣ ಎರಚಾಡುತ್ತಿದ್ದಾಗ, ಹೆಣ್ಣು ಕೂಸು ಹುಟ್ಟಿತು. ಹನಿ ಔಷಧಿ ಶುರುವಾಯಿತು. ತಾಯಿ ಹಾಲು ಬಿಟ್ಟು ಬೇರೆ ಏನಾದರೂ ಕೊಟ್ಟರೆ ನೋಡಿ ಮತ್ತೆ ಎಂದು ಅಲ್ಲಿಯ ಡಾಕ್ಟರಮ್ಮ ಕವಿತಾಳ ಅವ್ವನನ್ನು ಗದರಿಸಿ ಕಳಿಸಿದ್ದರು. ಎಲ್ಲ ಸರಿಯಾಯಿತು ಎಂದು ನಾನು ಉಸಿರು ಬಿಟ್ಟೆ. ಆದರೆ ಆ ಮನೆಯ ಒಂದು ರೂಢಿ ನನಗೆ ಗೊತ್ತಿರಲಿಲ್ಲ.

ಗದ್ವಾಲದ ಸೀರೆಯ ಅಂಚು ಕೂಡಿಸುವಾಗ ಮಗ್ಗದಲ್ಲಿ ನೇಯುವವನ ಪಕ್ಕ ಇನ್ನೊಬ್ಬರು ಕೂಡಬೇಕು. ಆ ಮನೆಯಲ್ಲಿ ಕವಿತಾಳ ಅಣ್ಣ ನೇಯುತ್ತಿದ್ದ, ಅವನ ಹೆಂಡತಿ ಸರೋಜ ಪಕ್ಕದಲ್ಲಿ ಕೂಡುತ್ತಿದ್ದಳು. ಸರೋಜಳಿಗೂ ಎರಡು ತಿಂಗಳ ಗಂಡು ಕೂಸು. ಮಗ್ಗದಲ್ಲಿ ಕೂತವಳನ್ನು ಕೂಸಿಗಾಗಿ ಎಬ್ಬಿಸುವುದಿಲ್ಲ. ಮನೆಯಲ್ಲಿ ಎದೆಹಾಲಿರುವ ಇನ್ನೊಬ್ಬಳು ಇದ್ದರೆ ಕೂಸು ಅವಳ ಮಡಿಲಿಗೆ ಹೋಗುತ್ತದೆ. ಅವರ ಅವ್ವ, ಅಜ್ಜಿ ಎಲ್ಲ ಹಾಗೆಯೇ ಮಾಡಿಕೊಂಡು ಬಂದದ್ದು. ಮದುವೆ ಸೀಸನ್ನಿನ ಸೀರೆಗಳಿದ್ದವು. ಬಾಣಂತಿ ಕವಿತಾ ಖಾಲಿ ಕೂತಿದ್ದಳು. ಹಸಿದು ಚೀರುವ ಅಣ್ಣನ ಕೂಸನ್ನು ಅವ್ವ ತಂದು ಅವಳ ಮಡಿಲಿಗೆ ಹಾಕಿದಳು. ಕವಿತಾ ಹಾಲು ಕೊಡಲಿಲ್ಲ.

ಒಂದು ದಿನ ತಲೆನೋವು ಎಂದಳು, ಇನ್ನೊಂದು ದಿನ ಎದೆ ಬಾತಿದೆ ಎಂದಳು. ಆಮೇಲೆ ನೆಪ ಮುಗಿದವು. ಅವಳು ನನಗೆ ಫೋನು ಮಾಡಿದಳು. "ಅಕ್ಕೋರ, ನಾ ಮಲಗಿದಾಗ ಅವ್ವ ಆ ಕೂಸನ್ನ ತಂದು ಎದಿಗೆ ಹಚ್ಚಾಕ ನೋಡಿದಳು. ಮಾತ್ರಿ ನುಂಗಿದ್ರ ನನಗ ನಿದ್ದಿ ಜೋರು. ಈಗ ರವಿಕಿಗೆ ಪಿನ್ನು ಹಾಕ್ಕೊಂಡು ಬೋರಲಾಗಿ ಮಲಗಾಕತ್ತೀನಿ. ಅಣ್ಣನ ಕೂಸಿಗೆ ಹಾಲು ಕೊಡಲಾರದಾಕಿ ನನ್ನ ಮನ್ಯಾಗ ಬ್ಯಾಡ, ಗಂಡನ ಮನಿಗೆ ನಡಿ ಅಂತಾಳ."

ನಾನು ಮಕ್ತಲ್‌ನಿಂದ ಬಸ್ಸು ಹಿಡಿದು ಜುರಾಲಾ ಅಣೆಕಟ್ಟು ದಾಟಿ ಗದ್ವಾಲಕ್ಕೆ ಹೋದೆ. ಬಾಣಂತಿಯನ್ನು ನೋಡಲು ಬಂದ ನರ್ಸಮ್ಮ ಎಂದು ಹೇಳಿಕೊಂಡೆ. ಅವ್ವ ಬಾಗಿಲಲ್ಲೇ ಹಿಡಿದುಕೊಂಡಳು. "ನೀವಾರ ಹೇಳ್ರಿ ಅಕ್ಕೋರ. ಕೂಸು ಹಸ್ತು ಒದರ್ತೈತಿ, ಈಕಿ ಎದಿಯಾಗ ಹಾಲು ಸೋರಿ ರವಿಕಿ ತೊಯ್ತೈತಿ, ಒಂದು ಗುಟುಕು ಕೊಡವಲ್ಲಳು. ನಾ ಹಡದ ಮಗಳು ಇಷ್ಟು ಕಲ್ಲಾದಳೇನ್ರಿ?"

ನಾನು ದಾರಿಯಲ್ಲಿ ಹೆಣೆದುಕೊಂಡು ಬಂದಿದ್ದ ಸುಳ್ಳನ್ನು ಬಿಚ್ಚಿದೆ. "ಈಕಿಗೆ ರಕ್ತ ಕಮ್ಮಿ ಐತ್ರಿ. ಖಡಕ್ ಗುಳಿಗಿ ಕೊಟ್ಟೀವಿ. ಆ ಹಾಲು ಬ್ಯಾರೆ ಕೂಸಿಗೆ ಆಗಿಬರೂದಿಲ್ಲ."

"ಮತ್ತ ತನ್ನ ಕೂಸಿಗೆ ಆಗಿಬರ್ತೈತೇನ್ರಿ?" ಎಂದಳು ಮುದುಕಿ.

ಇಷ್ಟು ವರ್ಷ ಮಾತಾಡಿ ಸಂಬಳ ತಗೊಂಡವಳು, ಚಹಾ ಲೋಟದ ಹಿಂದೆ ಮುಖ ಮುಚ್ಚಿಕೊಂಡೆ. ಕುಡಿದು ಮುಗಿಸಿ, ತಪಾಸಣೆ ಎಂದು ಹೇಳಿ ಕವಿತಾಳನ್ನು ಒಳಮನೆಗೆ ಕರೆದುಕೊಂಡು ಹೋದೆ. ಹೊರಗೆ ಮಗ್ಗದ ಸದ್ದು. ಸರೋಜಳ ಕೂಸು ತೊಟ್ಟಿಲಲ್ಲಿ ಅಳುತ್ತಿತ್ತು. ನಿಜ ಹೇಳಬೇಕೆಂದರೆ, ಎದ್ದು ಹೋಗಿ ಅವ್ವನ ಕಿವಿಯಲ್ಲಿ ನಾನೇ ಹೇಳಿಬಿಡಲೇ ಎಂದು ನಾಲಿಗೆ ತುದಿಯವರೆಗೆ ಬಂದಿತ್ತು. ಏನೂ ಅರಿಯದ ಒಂದು ಕೂಸು ಅಪಾಯದಲ್ಲಿತ್ತಲ್ಲ. ಆದರೆ ಆ ಗುಟ್ಟು ನನ್ನದಲ್ಲ. ಅದನ್ನು ನಾನು ಹೊರಗೆ ಹಾಕಿದರೆ ನಾಳೆಯಿಂದ ನನ್ನ ಕೋಣೆಗೆ ಯಾವ ಬಸುರಿಯೂ ಬರುವುದಿಲ್ಲ, ಇನ್ನೆಷ್ಟೋ ಕೂಸುಗಳು ಕೈತಪ್ಪುತ್ತವೆ.

"ಹೇಳೂದು ಬಿಡೂದು ನಿನ್ನ ಕೈಯಾಗ ಐತಿ," ಎಂದೆ. "ಗಂಡನ ಮನಿಗೆ ವಾಪಸ್ ಹೊಂಟ್ರ ನಾನಽ ಕರಕೊಂಡು ಹೋಗ್ತೀನಿ. ಇಲ್ಲೇ ಇರ್ತೀನಿ ಅಂದ್ರ ಅದಕ್ಕೂ ನಿಂತೀನಿ. ನೀ ಹೇಳೂತನಕ ನಾ ಬಾಯಿ ಬಿಡೂದಿಲ್ಲ."

"ವಾಪಸ್ ಹೋದ್ರ ಅಲ್ಲಿ ನಮ್ಮತ್ತಿ ನನ್ನ ಕೂಸಿಗೆ ಹರಳೆಣ್ಣಿ ಕುಡಸ್ತಾಳ್ರಿ. ಅಲ್ಲಿ ನನಗ ಆಸರ ಯಾರೂ ಇಲ್ಲ," ಎಂದಳು. ತನ್ನ ಕೂಸಿನ ತಲೆ ಸವರಿದಳು. ಆಮೇಲೆ ರವಿಕೆ ಸರಿಮಾಡಿಕೊಂಡು ನೆಟ್ಟಗೆ ಕೂತಳು. "ನಮ್ಮ ಅತ್ತಿಗೀನ ಕರೀರಿ. ನೀವು ಇಲ್ಲೇ ಕುಂದರ್ರಿ."

ಸರೋಜ ಮಗ್ಗದಿಂದ ಎದ್ದು ಬಂದಳು. ಹೆಚ್ಚು ಮಾತಾಡದ ಹೆಣ್ಣುಮಗಳು, ಆ ಮನೆಯಲ್ಲಿ ಅವಳ ಮಾತಿಗೆ ಬೆಲೆಯೂ ಅಷ್ಟಕ್ಕಷ್ಟೇ. ಕವಿತಾ ಅಳದೆ ಹೇಳಿದಳು. "ಅತ್ತಿಗಿ, ನನಗ ಎಚ್‌ಐವಿ ಐತಿ. ಹಾಲಿನಾಗ ಕೂಸಿಗೆ ಹೋಗ್ತೈತಿ. ನನ್ನ ಕೂಸಿಗೆ ಔಷಧಿ ಹಾಕಾಕತ್ತೀನಿ, ನಿನ್ನ ಕೂಸಿಗೆ ಯಾರು ಹಾಕ್ತಾರ? ಅದಕ್ಕಽ ಕೊಡವಲ್ಲೆ."

ಸರೋಜ ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. "ನನ್ನ ಕೂಸು ಒಮ್ಮೆಯಾದ್ರೂ ನಿನ್ನ ಎದಿ ಕುಡದೈತೇನು?" ಎಂದು ಕೇಳಿದಳು.

"ಒಂದು ಹನಿ ಇಲ್ಲ. ಅವ್ವನ ಕಡೆ ಇಷ್ಟು ಬೈಸಿಕೊಂಡದ್ದು ಮತ್ತ್ಯಾಕ?"

ಹೊರಗಿನಿಂದ ಅಣ್ಣ "ಅಂಚು ನಿಂತೈತಿ, ಬಾ" ಎಂದು ಕೂಗಿದ. ಸರೋಜ ಎದ್ದು ಹೋದಳು. ಏನು ಮಾಡುತ್ತಾಳೋ ಎಂದು ನಾನು ಬಸ್ಸಿನುದ್ದಕ್ಕೂ ಸೆರಗು ಹಿಂಡುತ್ತ ಬಂದೆ.

ಮರುದಿನ ಫೋನಿನಲ್ಲಿ ಕವಿತಾ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಬೆಳಿಗ್ಗೆ ಕೂಸು ಅತ್ತಾಗ ಸರೋಜ ಮಗ್ಗದ ಕುಣಿಯಿಂದ ಎದ್ದು, ಅತ್ತೆಯ ಕೈಯಿಂದ ಕೂಸನ್ನು ಕಸಿದುಕೊಂಡಿದ್ದಳಂತೆ. "ನನ್ನ ಕೂಸಿಗೆ ನನ್ನ ಹಾಲಽ ಆಗಬೇಕು. ಮಂದಿ ಹಾಲು ನನಗ ಬ್ಯಾಡ. ಮಗ್ಗ ನಿಂತ್ರ ನಿಲ್ಲಲಿ." ಅತ್ತೆ ಕೆಂಡವಾದಳು. ನನ್ನ ಮಗಳು ಮಂದಿಯಾದಳೇನೇ ಎಂದು ಓಣಿಗೆಲ್ಲ ಕೇಳುವ ಹಾಗೆ ಬೈದಳು. ಗಂಡ ಎರಡು ದಿನ ಮಾತು ಬಿಟ್ಟ. ಸೊಸೆಗೆ ಭಾರಿ ಗರ್ವ, ನಾದಿನಿಯ ಹಾಲಿಗೆ ಅಸಹ್ಯ ಪಡುತ್ತಾಳೆ ಎಂದು ನಾಲ್ಕು ಮನೆಗಳಲ್ಲಿ ಮಾತಾಯಿತು. ಸರೋಜ ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡಳು, ಕವಿತಾಳ ಹೆಸರು ಒಮ್ಮೆಯೂ ಬರಗೊಡಲಿಲ್ಲ. ಸಂಜೆ ಟೀವಿಯಲ್ಲಿ ಸೀರಿಯಲ್ ಶುರುವಾದರೆ ನೀರಿನ ಲೋಟ ತಂದು ನಾದಿನಿಯ ಮುಂದೆ ಇಡುವುದು ಅವಳ ಕೆಲಸವಾಯಿತು. ಅದು ಮಾತ್ರೆಯ ಹೊತ್ತು.

ಈಗ ಎಲ್ಲ ಸುಲಭವಾಗಿದೆ. ಗದ್ವಾಲ ಬೇರೆ ಜಿಲ್ಲೆ, ನಾರಾಯಣಪೇಟೆ ಬೇರೆ ಜಿಲ್ಲೆ, ಮಾತ್ರೆಗೆ ದೂರ ಹೋಗಬೇಕಿಲ್ಲ. ಮಾತ್ರೆಯೂ ಸುಧಾರಿಸಿದೆ, ತಲೆ ತಿರುಗುವುದಿಲ್ಲ. ಒಪ್ಪಿಗೆಯಿಲ್ಲದೆ ಯಾರ ಗುಟ್ಟನ್ನೂ ಹೊರಗೆ ಹಾಕಬಾರದು ಎಂದು ಕಾನೂನೇ ಬಂದಿದೆ. ಆದರೂ ಒಂದು ಮಾತು ಹೇಳುತ್ತೇನೆ. ಮನೆಯಲ್ಲಿ ಒಬ್ಬರಾದರೂ ತಿಳಿದವರು ಇದ್ದರೆ ರೋಗಿ ಗಟ್ಟಿಯಾಗಿ ನಿಲ್ಲುತ್ತಾಳೆ. ಆ ಒಬ್ಬರು ಯಾರು ಎಂಬುದನ್ನು ಅವಳೇ ಆರಿಸಬೇಕು. ನೀವು ಆರಿಸಲು ಹೋಗಬೇಡಿ. ನಾನಾಗಿದ್ದರೆ ಸರೋಜಳನ್ನು ಬಿಟ್ಟು ಅವ್ವನನ್ನು ಆರಿಸಿ ಕೆಡಿಸುತ್ತಿದ್ದೆ.

ಕೂಸಿನ ಮೊದಲ ಪರೀಕ್ಷೆಗಳೆಲ್ಲ ಚೆನ್ನಾಗಿ ಬಂದವು. ಆದರೂ ಒಂದೂವರೆ ವರ್ಷ ತುಂಬಿದ ಮೇಲೆ ಮಾಡುವ ಪರೀಕ್ಷೆಯೇ ಕಡೆಯ ಮಾತು. ಆ ದಿನ ಕವಿತಾ ಬಂದಳು. ಜೊತೆಗೆ ಗದ್ವಾಲದಿಂದ ಸರೋಜ ಬಂದಿದ್ದಳು. ಮೊಮ್ಮಗಳಿಗೆ ಏನೋ ಸೂಜಿ ಹಾಕಿಸುತ್ತಾರಂತೆ ಎಂದು ಅವ್ವನೂ ಗಂಟುಬಿದ್ದು ಬಂದಿದ್ದಳು. ಕೂಸಿನ ರಕ್ತದ ಪರೀಕ್ಷೆ ಮುಗಿದ ಮೇಲೆ ಅವ್ವನನ್ನು ಇಬ್ಬರು ಮಕ್ಕಳೊಂದಿಗೆ ಹೊರಗಿನ ಬೆಂಚಿನಲ್ಲಿ ಕೂರಿಸಿ, ಕೈಗೆ ಚುರುಮುರಿ ಪೊಟ್ಟಣ ಕೊಟ್ಟು, ಇವರಿಬ್ಬರನ್ನು ಒಳಗೆ ಕರೆದು ಬಾಗಿಲು ಹಾಕಿದೆ.

"ಇಲ್ಲ," ಎಂದೆ. "ಕೂಸಿಗೆ ಇಲ್ಲ. ಇನ್ನ ಪರೀಕ್ಷಾ ಬೇಕಿಲ್ಲ."

ಕವಿತಾ ನೆಲದ ಮೇಲೆ ಕೂತುಬಿಟ್ಟಳು. ನಾನೂ ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಸರೋಜ ಮಾತ್ರ ಬಾಗಿಲು ತೆಗೆದು ಹೊರಗೆ ಹೋಗಿ, ಚುರುಮುರಿ ಮೆತ್ತಿಕೊಂಡಿದ್ದ ಆ ಹೆಣ್ಣು ಕೂಸನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. "ಅತ್ತಿ, ಇದನ್ನ ನನ್ನ ಮಗನಿಗೆ ತಗೋತೀನಿ. ಈಗಽ ಹೇಳಿಬಿಟ್ಟೀನಿ, ಬ್ಯಾರೆ ಯಾರಿಗೂ ಮಾತು ಕೊಡಬ್ಯಾಡ್ರಿ."

ಇನ್ನೂ ಹಾಲು ಹಲ್ಲಿನ ಮಕ್ಕಳಿಗೆ ಇದೆಂಥ ಮಾತು, ಅದರಲ್ಲೂ ಸೋದರಿಕೆಯ ಸಂಬಂಧ ಬೇಡ ಎಂದು ಹೇಳುವುದು ಆರೋಗ್ಯ ಇಲಾಖೆಯವಳಾಗಿ ನನ್ನ ಕರ್ತವ್ಯವಾಗಿತ್ತು. ಹಳ್ಳಿ ಹಳ್ಳಿಯಲ್ಲಿ ಹೇಳಿದವಳೇ ನಾನು. ಅವತ್ತು ಬಾಯಿ ಮುಚ್ಚಿಕೊಂಡು ನಿಂತೆ.

ಮುದುಕಿ ಕಣ್ಣು ಕಿರಿದು ಮಾಡಿ ಸೊಸೆಯನ್ನು ನೋಡಿ, ನನ್ನ ಕಡೆ ತಿರುಗಿದಳು. "ಕೇಳಿದ್ರೇನ್ರಿ ಅಕ್ಕೋರ? ಅವತ್ತು ಇದರವ್ವನ ಹಾಲು ಒಂದು ಗುಟುಕು ನನ್ನ ಕೂಸಿಗೆ ಬ್ಯಾಡಂತ ಓಣಿ ಕೂಡಿಸಿದಾಕಿ ಇವಳು. ಇವತ್ತು ಹೆಣ್ಣು ಬೇಕಂತ!"

"ಹೌದತ್ತಿ, ಬೇಕು," ಎಂದು ಸರೋಜ ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು.